ಕೌಂಟರ್ ಸ್ಟ್ರೈಕ್: ಒಂದು ಗುಂಡಿನ ಆಟದ ಹುಟ್ಟು ಮತ್ತು ಬೆಳವಣಿಗೆ

ಮನೆಯಲ್ಲಿ ಹದಿನೈದು ಇಪ್ಪತ್ತರ ನಡುವಣ ಹುಡುಗರಿರುವ ಗೃಹಸ್ಥರಲ್ಲಿ ಬಹುಮಂದಿ ಈ ಆಟದ ಹೆಸರನ್ನು ಕೇಳಿಯೇ ಇರುವರು. ಹೆಸರನ್ನು ಕೇಳದವರೂ ಅದರ ಸದ್ದನ್ನಾದರೂ ಕೇಳಿರುವರು. ರಾತ್ರಿ ತಟ್ಟೆಯಿಟ್ಟು ಕರೆದರೆ ಒಳಗಿನ ಕೋಣೆಯಿಂದ “ಇದೊಂದು ರೌಂಡ್ ಮುಗಿಸಿ ಬಂದೆ, ಅಮ್ಮಾ” ಎಂಬ ಉತ್ತರವೂ ಅದರ ಬೆನ್ನಿಗೇ ಬಂದೂಕಿನ ಮೊರೆತವೂ ಕೇಳಿಬರುವುದು ಈಗ ಎಷ್ಟೋ ಮನೆಗಳಲ್ಲಿ ನಿತ್ಯದ ಮಾತಾಗಿದೆ. ತಾಯಿಗೆ ಆ ಸದ್ದು ಭಯ. ತಂದೆಗೆ ಅದು ಕಾಲಹರಣ. ಹುಡುಗನಿಗೋ ಅದೊಂದು ವಿದ್ಯೆ. ಮೂವರ ಮಾತಿನಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವುಂಟೆಂದು ನಮಗೆ ತೋರುವುದು. ಆದರೆ ಯಾವುದನ್ನು ಕುರಿತು ದಿನವೂ ವಾದ ನಡೆಯುವುದೋ ಅದು ಏನು, ಎಲ್ಲಿ ಹುಟ್ಟಿತು, ಹೇಗೆ ಬೆಳೆದು ಇಂದಿನ ರೂಪಕ್ಕೆ ಬಂದಿತು ಎಂಬುದನ್ನು ತಿಳಿಯದೆ ವಾದಿಸುವುದು ಹಿರಿಯರಿಗೆ ಒಪ್ಪುವ ಮಾತಲ್ಲ. ಈ ಆಟದಲ್ಲಿ ಹಿರಿಯರು ಹೆದರುವ ಸ್ಥಳವೇ ಒಂದು, ನಿಜವಾಗಿ ಹೆದರಬೇಕಾದ ಸ್ಥಳವೇ ಇನ್ನೊಂದು ಎಂದು ನಮ್ಮ ಅಭಿಪ್ರಾಯ. ಅದನ್ನು ವಾಚಕರ ಮುಂದಿಡುವುದಕ್ಕೆ ಮುನ್ನ ಕಥೆಯನ್ನು ಮೊದಲಿನಿಂದ ಹೇಳಬೇಕಾಗಿದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿರುವ ವಾಲ್ವ್ ಎಂಬ ಕಂಪನಿಯು ೧೯೯೮ನೆಯ ಇಸವಿ ನವೆಂಬರ್ ತಿಂಗಳಲ್ಲಿ ಹಾಫ್ ಲೈಫ್ ಎಂಬ ಕಂಪ್ಯೂಟರ್ ಆಟವನ್ನು ಹೊರಡಿಸಿತು. ಆ ಕಂಪನಿಯವರು ಆಟವನ್ನು ಮಾರಿ ಸುಮ್ಮನಾಗದೆ, ಅದನ್ನು ಬಿಚ್ಚಿ ಬೇರೊಂದು ಆಟವಾಗಿ ಕಟ್ಟಿಕೊಳ್ಳುವುದಕ್ಕೆ ಬೇಕಾದ ಸಲಕರಣೆಗಳನ್ನೂ ಕೊಂಡವರ ಕೈಗೆ ಕೊಟ್ಟರು. ನಾಟಕದ ಕಂಪನಿಯೊಂದು ತನ್ನ ರಂಗವನ್ನೂ ಪರದೆಗಳನ್ನೂ ದೀಪಗಳನ್ನೂ ಊರ ಹುಡುಗರಿಗೆ ಬಿಟ್ಟುಕೊಟ್ಟು, “ನೀವೂ ಒಂದು ನಾಟಕ ಆಡಿರಪ್ಪ” ಎಂದು ಹೇಳಿದಂತಾಯಿತು. ಹೀಗೆ ಹಳೆಯ ಆಟದ ಮೇಲೆ ಆಟಗಾರರೇ ಕಟ್ಟುವ ಹೊಸ ಆಟಕ್ಕೆ ‘ಮಾಡ್’ ಎಂದು ಹೆಸರು. ಇಂತಹ ಮಾಡ್‌ಗಳು ಆ ಕಾಲದಲ್ಲಿ ನೂರಾರು ಹುಟ್ಟಿ ಹೇಳಹೆಸರಿಲ್ಲದೆ ಹೋದುವು. ಉಳಿದದ್ದು ಕೆಲವು, ಲೋಕವನ್ನೇ ವ್ಯಾಪಿಸಿದ್ದು ಕೌಂಟರ್ ಸ್ಟ್ರೈಕ್.

ಇದನ್ನು ಕಟ್ಟಿದವರು ಇಬ್ಬರು ವಿದ್ಯಾರ್ಥಿಗಳು. ಮಿನ್ ಲೇ ಎಂಬಾತನು ವಿಯೆಟ್ನಾಮಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದವನು. ವ್ಯಾಂಕೂವರ್ ನಗರದ ಬಳಿಯ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದನು. ಜೆಸ್ ಕ್ಲಿಫ್ ಎಂಬಾತನು ಅಮೆರಿಕದ ಮೂಡಲ ದಿಕ್ಕಿನ ವರ್ಜೀನಿಯಾದಲ್ಲಿದ್ದನು. ಇಬ್ಬರ ನಡುವೆ ಒಂದು ಖಂಡದ ಅಗಲವಿದ್ದರೂ ಇಂಟರ್ನೆಟ್ಟಿನ ಮೂಲಕವೇ ಮಾತನಾಡಿಕೊಂಡು ಕೆಲಸವನ್ನು ನಡೆಯಿಸಿದರು. ಮಿನ್ ಲೇ ಬಂದೂಕುಗಳನ್ನೂ ಆಳುಗಳನ್ನೂ ರೂಪಿಸಿ ಆಟದ ನಡೆಯನ್ನು ಬರೆದನು. ಕ್ಲಿಫ್ ಜನರನ್ನು ಕೂಡಿಸಿದನು, ಸದ್ದುಗಳನ್ನು ಜೋಡಿಸಿದನು. ಆಟದೊಳಗೆ ವೈರ್‌ಲೆಸ್ಸಿನಲ್ಲಿ ಕೇಳಿಬರುವ ಆಜ್ಞೆಗಳ ಧ್ವನಿ ಆತನದೇ. ಆ ಧ್ವನಿಯನ್ನು ಕೇಳಿದ ಮಂದಿಯನ್ನು ಎಣಿಸಹೊರಟರೆ ಎಷ್ಟೋ ಸಿನಿಮಾ ನಟರಿಗೂ ಅಷ್ಟು ಶ್ರೋತೃಗಳು ದೊರೆತಿರಲಾರರು. ೧೯೯೯ನೆಯ ಜೂನ್ ೧೯ರಂದು ಆಟದ ಮೊದಲ ಪರೀಕ್ಷಾರೂಪವು ಹೊರಬಿದ್ದಿತು. ಅದಕ್ಕೆ ಬೆಲೆಯಿರಲಿಲ್ಲ, ಮೂಲ ಆಟವನ್ನು ಕೊಂಡಿದ್ದವರೆಲ್ಲರೂ ಧರ್ಮಾರ್ಥವಾಗಿ ಪಡೆಯಬಹುದಾಗಿತ್ತು. ತರುವಾಯ ಕೆಲಕೆಲವು ವಾರಗಳಿಗೊಮ್ಮೆ ಹೊಸ ರೂಪವು ಬರುತ್ತ, ಆಡಿದವರು ಹೇಳಿದ ಕುಂದುಗಳು ತಿದ್ದಿಕೊಳ್ಳುತ್ತ ಬಂದುವು.

ಇನ್ನು ಆಟದ ರೀತಿ. ಎರಡು ಪಕ್ಷಗಳು, ಪಂದ್ಯದಲ್ಲಿ ಪಕ್ಷಕ್ಕೆ ಐವರು. ಒಂದು ಪಕ್ಷ ಭಯೋತ್ಪಾದಕರದು, ಇನ್ನೊಂದು ಅವರನ್ನು ತಡೆಯುವ ಸಿಪಾಯಿಗಳದು. ಮೊದಮೊದಲು ಒತ್ತೆಯಾಳುಗಳನ್ನು ಬಿಡಿಸಿಕೊಂಡು ಬರುವುದೊಂದೇ ಆಟವಾಗಿದ್ದಿತು. ೧೯೯೯ರ ಕಡೆಯಲ್ಲಿ ಬಂದ ನಾಲ್ಕನೆಯ ಪರೀಕ್ಷಾರೂಪದಲ್ಲಿ ಬಾಂಬಿನ ಆಟ ಸೇರಿತು. ಈಗ ಪಂದ್ಯಗಳಲ್ಲೆಲ್ಲ ನಡೆಯುವುದು ಅದೇ. ಭಯೋತ್ಪಾದಕರು ಗೊತ್ತಾದ ಎರಡು ಸ್ಥಳಗಳಲ್ಲಿ ಒಂದರಲ್ಲಿ ಬಾಂಬನ್ನು ಇಡಬೇಕು. ಎದುರಾಳಿಗಳು ಇಡಗೊಡಿಸಬಾರದು, ಇಟ್ಟರೆ ಅದನ್ನು ಆರಿಸಬೇಕು. ಇಟ್ಟ ಬಾಂಬು ಈಚಿನ ಆವೃತ್ತಿಗಳಲ್ಲಿ ೪೦ ಸೆಕೆಂಡಿಗೆ ಸಿಡಿಯುವುದು. ಆರಿಸುವುದಕ್ಕೆ ಬರಿಗೈಯಲ್ಲಿ ೧೦ ಸೆಕೆಂಡು, ಸಲಕರಣೆಯಿದ್ದರೆ ೫ ಸೆಕೆಂಡು ಬೇಕು. ಬಾಂಬು ಇಡುವುದಕ್ಕೆ ಕೊಟ್ಟಿರುವ ಅವಧಿ ೨ ನಿಮಿಷಕ್ಕೆ ೫ ಸೆಕೆಂಡು ಕಡಿಮೆ. ಒಂದು ರೌಂಡ್ ಎಂದರೆ ಇಷ್ಟೇ.

ಬಂದೂಕಿನ ಆಟಗಳು ಇದಕ್ಕೆ ಮೊದಲೂ ಬೇಕಾದಷ್ಟು ಇದ್ದುವು. ಅವುಗಳಲ್ಲಿ ಸತ್ತವನು ಮರುಕ್ಷಣವೇ ಎದ್ದು ಬರುತ್ತಿದ್ದನು. ಚೌಕಾಬಾರದಲ್ಲಿ ಕಡಿಸಿಕೊಂಡ ಕಾಯಿ ಮತ್ತೆ ಮನೆಯಿಂದ ಹೊರಡುವ ಹಾಗೆ. ಆದುದರಿಂದ ಸಾವಿಗೆ ಬೆಲೆಯಿರಲಿಲ್ಲ. ಎಲ್ಲರೂ ಕಂಡಕಂಡಲ್ಲಿ ಓಡಿ ಕಂಡಕಂಡವರನ್ನು ಸುಡುತ್ತಿದ್ದರು. ಕೌಂಟರ್ ಸ್ಟ್ರೈಕಿನಲ್ಲಿ ಒಂದೆರಡು ಗುಂಡಿಗೆ ಆಳು ಬೀಳುವನು. ಬಿದ್ದವನು ಆ ರೌಂಡ್ ಮುಗಿಯುವವರೆಗೆ ಕೈಕಟ್ಟಿ ಜೊತೆಗಾರರ ಆಟವನ್ನು ನೋಡುತ್ತ ಕುಳಿತಿರಬೇಕು. ಕಬಡ್ಡಿಯಲ್ಲಿ ಹೊರಬಿದ್ದವನಿಗಾದರೂ ಪಕ್ಷದವನೊಬ್ಬನು ಎದುರಾಳಿಯನ್ನು ಹೊಡೆದರೆ ಒಳಬರುವ ಭಾಗ್ಯವುಂಟು. ಇಲ್ಲಿ ಅದೂ ಇಲ್ಲ. ಈ ಒಂದು ನಿಯಮವೇ ಆಟದ ಪ್ರಾಣ. ಸಾವಿಗೆ ಬೆಲೆ ಬಂದೊಡನೆ ಹುಡುಗರು ಓಡುವುದನ್ನು ಬಿಟ್ಟು ನಡೆಯತೊಡಗಿದರು, ಎದುರಾಳಿಯ ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟು ನಿಂತರು, ಒಬ್ಬರನ್ನೊಬ್ಬರು ಕೇಳಿ ಮುಂದುವರಿದರು. ಐವರಲ್ಲಿ ನಾಲ್ವರು ಬಿದ್ದು ಒಬ್ಬನೇ ಉಳಿದಾಗ, ಆ ನಾಲ್ವರೂ ಉಸಿರು ಬಿಗಿಹಿಡಿದು ಅವನೊಬ್ಬನನ್ನೇ ನೋಡುತ್ತಿರುವರು. ಊಟಕ್ಕೆ ಕರೆದಾಗ ಹುಡುಗನು ಥಟ್ಟನೆ ಏಳದಿರುವುದಕ್ಕೆ ಇದೂ ಒಂದು ಕಾರಣ. ಅವನು ಎದ್ದರೆ ಐದರಲ್ಲಿ ಒಂದು ಕಡಿಮೆ. ಅದೂ ಅಲ್ಲದೆ ಪಂದ್ಯದ ನಡುವೆ ಎದ್ದುಹೋದವನನ್ನು ಕೆಲಕಾಲ ಮತ್ತೆ ಪಂದ್ಯಕ್ಕೆ ಸೇರಿಸಿಕೊಳ್ಳದಂತೆ ದಂಡನೆಯುಂಟು. ಪಂದ್ಯವೊಂದು ಮುಕ್ಕಾಲು ಗಂಟೆಯವರೆಗೂ ಬೆಳೆಯಬಹುದಾದ್ದರಿಂದ ಅಡಿಗೆಯಾಗುವುದಕ್ಕೆ ಸಾಕಷ್ಟು ಮೊದಲೇ ತಿಳಿಸಿಬಿಡುವುದು ಮೇಲು.

ಗೃಹಿಣಿಯರ ಮನಸ್ಸಿಗೆ ಒಪ್ಪುವ ಇನ್ನೊಂದು ಅಂಶವು ಈ ಆಟದಲ್ಲಿದೆ. ಅದು ಹಣದ ಲೆಕ್ಕ. ಪಂದ್ಯದ ಆದಿಯಲ್ಲಿ ಪ್ರತಿಯೊಬ್ಬನಿಗೂ ೮೦೦ ಡಾಲರಿನಂತೆ ಆಟದ ಹಣ ಕೊಡುವರು. ಇದು ಬರಿಯ ಲೆಕ್ಕದ ಹಣ, ನಿಜವಾದುದಲ್ಲ. ಇದರಿಂದಲೇ ಬಂದೂಕು, ಕವಚ, ಹೊಗೆಬಾಂಬು ಎಲ್ಲವನ್ನೂ ಕೊಳ್ಳಬೇಕು. ಏಕೆ ೪೭ ಬಂದೂಕಿಗೆ ೨,೭೦೦. ದೂರದಿಂದ ಒಂದೇ ಗುಂಡಿಗೆ ಕೆಡಹುವ ಭಾರಿಯ ಬಂದೂಕಿಗೆ ೪,೭೫೦. ಎದುರಾಳಿಗಳೆಲ್ಲರನ್ನೂ ಕೆಡಹಿ ಗೆದ್ದರೆ ತಲೆಗೆ ೩,೨೫೦ ಬರುವುದು. ಸೋತರೆ ೧,೪೦೦, ಒಂದರ ಮೇಲೊಂದು ಸೋಲುತ್ತಹೋದರೆ ಈ ಸಮಾಧಾನದ ಹಣವು ಐನೂರೈನೂರು ಏರುತ್ತ ೩,೪೦೦ರವರೆಗೆ ಹೋಗುವುದು. ಎಷ್ಟು ಗಳಿಸಿದರೂ ೧೬,೦೦೦ಕ್ಕೆ ಮೇಲೆ ಕೂಡಿಡುವಂತಿಲ್ಲ. ಸತ್ತವನ ಬಂದೂಕು ಹೋಯಿತು. ಬದುಕಿ ಉಳಿದವನದು ಮುಂದಿನ ರೌಂಡಿಗೆ ಉಳಿಯಿತು.

ಇದರಿಂದಾಗುವ ಫಲವನ್ನು ನೋಡಿರಿ. ಕೈಯಲ್ಲಿ ಕಾಸಿಲ್ಲದಾಗ ಐವರೂ ಕೂಡಿ ಯೋಚಿಸಿ, ಈ ರೌಂಡಿಗೆ ಏನನ್ನೂ ಕೊಳ್ಳದೆ ಬರಿಯ ಪಿಸ್ತೂಲಿನಲ್ಲಿ ಕಳೆದು, ಸೋಲನ್ನು ಒಪ್ಪಿಕೊಂಡು, ಮುಂದಿನ ರೌಂಡಿಗೆ ಎಲ್ಲರೂ ಒಳ್ಳೆಯ ಆಯುಧ ಕೊಳ್ಳುವಷ್ಟು ಹಣ ಕೂಡಿಸುವರು. ಒಬ್ಬನ ಬಳಿ ಹೆಚ್ಚಿದ್ದರೆ ಇಲ್ಲದವನಿಗೆ ಕೊಂಡುಕೊಡುವನು. ಇನ್ನೊಬ್ಬನು ದುಡುಕಿ ತನ್ನೊಬ್ಬನಿಗೇ ಭಾರಿಯ ಬಂದೂಕನ್ನು ಕೊಂಡರೆ ಇಡಿಯ ಪಕ್ಷವೇ ಕೆಡುವುದು. ತಿಂಗಳ ಕಡೆಯ ವಾರದಲ್ಲಿ ಮನೆಯ ಖರ್ಚನ್ನು ಹಿಡಿತದಲ್ಲಿಟ್ಟು ಹಬ್ಬಕ್ಕೆಂದು ನಾಲ್ಕು ಕಾಸು ಮಿಗಿಸುವ ನಮ್ಮ ಹೆಂಗಸರಿಗೆ ಈ ಲೆಕ್ಕ ಹೊಸದಲ್ಲ. ಮಕ್ಕಳು ಇದನ್ನು ಅಡಿಗೆಮನೆಯಲ್ಲಿ ಕಲಿಯದೆ ಆಟದಲ್ಲಿ ಕಲಿಯುತ್ತಿರುವುದೊಂದೇ ವಿಚಿತ್ರ.

ಆಟ ನಡೆಯುವ ಅಂಗಳವನ್ನು ಮ್ಯಾಪ್ ಎನ್ನುವರು. ಇವುಗಳಲ್ಲಿ ಅನೇಕವನ್ನು ಕಂಪನಿಯ ನೌಕರರಲ್ಲ, ಆಡುವ ಹುಡುಗರೇ ಕಟ್ಟಿದರು. ಇಂಗ್ಲೆಂಡಿನ ಡೇವ್ ಜಾನ್‌ಸ್ಟನ್ ಎಂಬ ತರುಣನು ೧೯೯೯ರಲ್ಲಿ ‘ಡಸ್ಟ್’ ಎಂಬುದನ್ನೂ ೨೦೦೧ರಲ್ಲಿ ‘ಡಸ್ಟ್ ಎರಡು’ ಎಂಬುದನ್ನೂ ಕಟ್ಟಿದನು. ಮರಳು ಬಣ್ಣದ ಗೋಡೆಗಳು, ಕಮಾನುಗಳು, ಮರದ ಪೆಟ್ಟಿಗೆಗಳು, ಒಂದು ಕತ್ತಲೆಯ ಸುರಂಗ, ನಡುವೆ ಅರೆ ತೆರೆದಂತಿರುವ ಜೋಡಿ ಬಾಗಿಲು, ಇಷ್ಟೇ ಅಲ್ಲಿರುವುದು. ಆದರೆ ಪ್ರತಿಯೊಂದು ಸ್ಥಳಕ್ಕೂ ಒಂದಕ್ಕಿಂತ ಹೆಚ್ಚಿನ ದಾರಿಯುಂಟು. ಉದ್ದನೆಯ ದಾರಿಯಲ್ಲಿ ದೂರದ ಗುರಿಕಾರನಿಗೆ ಮೇಲುಗೈ, ಸುರಂಗದಲ್ಲಿ ಹತ್ತಿರದಿಂದ ಹೊಡೆಯುವವನಿಗೆ. ನಡುವಣ ಬಾಗಿಲಿನ ಸಂದಿಯಲ್ಲಿ ಒಂದು ಕ್ಷಣ ಯಾರು ಯಾರನ್ನು ಮೊದಲು ಕಾಣುವರೆಂಬುದರ ಮೇಲೆ ಎಷ್ಟೋ ಪಂದ್ಯಗಳು ನಿಂತಿವೆ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಒಂದೇ ಅಂಗಳದಲ್ಲಿ ಆಡಿದರೂ ಜನಕ್ಕೆ ಬೇಸರ ಬರಲಿಲ್ಲ. ಚದುರಂಗದ ಮಣೆಯನ್ನು ಬದಲಿಸಬೇಕೆಂದು ಯಾರೂ ಕೇಳದಂತೆಯೇ ಇದೂ ಎಂದು ಕಾಣುವುದು.

೨೦೦೦ನೆಯ ಇಸವಿಯಲ್ಲಿ ವಾಲ್ವ್ ಕಂಪನಿಯು ಆಟವನ್ನು ಕೊಂಡುಕೊಂಡು ಅದನ್ನು ಕಟ್ಟಿದ ಇಬ್ಬರನ್ನೂ ಕೆಲಸಕ್ಕಿಟ್ಟುಕೊಂಡಿತು. ಆ ವರ್ಷದ ನವೆಂಬರಿನಲ್ಲಿ ಕೌಂಟರ್ ಸ್ಟ್ರೈಕ್ ಅಂಗಡಿಯಲ್ಲಿ ಮಾರಾಟಕ್ಕೆ ಬಂದಿತು. ೨೦೦೩ರ ಸೆಪ್ಟೆಂಬರಿನಲ್ಲಿ ಬಂದ ೧.೬ ಎಂಬ ಆವೃತ್ತಿಯೇ ಬಹುಕಾಲ ನಿಂತು ಹೆಸರು ಪಡೆಯಿತು. ಅದರ ಜೊತೆಗೇ ಕಂಪನಿಯು ಸ್ಟೀಮ್ ಎಂಬ ತನ್ನ ಸ್ವಂತ ಮಳಿಗೆಯನ್ನು ಇಂಟರ್ನೆಟ್ಟಿನಲ್ಲಿ ತೆರೆದು, ಅದರ ಮೂಲಕವೇ ಆಡಬೇಕೆಂದು ಗೊತ್ತುಮಾಡಿತು. ಆಗ ಆಟಗಾರರು ಇದನ್ನು ಬಹಳವಾಗಿ ಹಳಿದರು. ಇಂದು ಕಂಪ್ಯೂಟರ್ ಆಟಗಳ ಲೋಕದಲ್ಲಿ ಅದೇ ಅತಿ ದೊಡ್ಡ ಮಳಿಗೆ.

೨೦೦೪ರಲ್ಲಿ ಎರಡು ಹೊಸ ಆಟಗಳು ಬಂದುವು. ‘ಕಂಡಿಷನ್ ಜೀರೊ’ ಎಂಬುದು ನಾಲ್ಕು ಕಾರ್ಖಾನೆಗಳ ಕೈದಾಟಿ ಬಂದದ್ದು. ಹೆಚ್ಚು ಕೈ ಬಿದ್ದ ಅಡಿಗೆಯಂತೆ ರುಚಿಗೆಟ್ಟಿತು. ಎದುರಾಳಿ ಯಾರೂ ಇಲ್ಲದಾಗ ಯಂತ್ರವೇ ಎದುರಾಳಿಯಾಗಿ ಆಡುವ ಏರ್ಪಾಡೊಂದು ಅದರಲ್ಲಿ ಮೆಚ್ಚತಕ್ಕದ್ದು. ಇನ್ನೊಂದು ‘ಸೋರ್ಸ್’, ಕಣ್ಣಿಗೆ ಬಹು ಚೆಲುವಾಗಿದ್ದಿತು. ಅದರೆ ಚೆಲುವಿನಿಂದ ಕಾರ್ಯವಾಗಲಿಲ್ಲ. ಹಳೆಯ ಬಂದೂಕಿನ ಎತ್ತುಕುಲುಕು ಬೆರಳಿಗೆ ಹತ್ತಿಹೋಗಿದ್ದವರು, ಪಳಗಿದ ವೀಣೆಯನ್ನು ಬಿಟ್ಟು ಅಂಗಡಿಯ ಹೊಳಪಿನ ಹೊಸ ವೀಣೆಯನ್ನು ಹಿಡಿಯಲೊಲ್ಲದ ವೈಣಿಕನಂತೆ, ೧.೬ನ್ನು ಬಿಡಲಿಲ್ಲ. ಎಂಟು ವರ್ಷಗಳ ಕಾಲ ಆಟಗಾರರಲ್ಲಿ ಎರಡು ಪಂಗಡಗಳಾಗಿ ಪಂದ್ಯಗಳೂ ಎರಡಾಗಿ ನಡೆದುವು.

ಇದೇ ಕಾಲದಲ್ಲಿ ನಮ್ಮ ನಾಡಿಗೂ ಆಟವು ಕಾಲಿಟ್ಟಿತು. ಬೆಂಗಳೂರು ಮೈಸೂರುಗಳಂತಹ ಊರುಗಳಲ್ಲಿ ಸೈಬರ್ ಸೆಂಟರುಗಳು ಬೀದಿ ಬೀದಿಗೂ ತಲೆಯೆತ್ತಿದ್ದ ದಿನಗಳವು. ಮನೆಯಲ್ಲಿ ಕಂಪ್ಯೂಟರು ಇಲ್ಲದ ಕಾಲೇಜು ಹುಡುಗರು ಗಂಟೆಗಿಷ್ಟೆಂದು ಕೊಟ್ಟು ಅಲ್ಲಿ ಸಾಲಾಗಿ ಕುಳಿತು ಆಡುವರು. ೧.೬ ಬಡ ಕಂಪ್ಯೂಟರಿನಲ್ಲಿಯೂ ಓಡುತ್ತಿದ್ದಿತು. ಅದಕ್ಕೆ ಇಂಟರ್ನೆಟ್ಟೂ ಬೇಕಾಗಿರಲಿಲ್ಲ. ಹತ್ತು ಯಂತ್ರಗಳಿಗೆ ನಡುವೆ ತಂತಿ ಎಳೆದರೆ ಸಾಕಾಗಿದ್ದಿತು. ಎದುರಾಳಿ ಪರದೇಶದವನಲ್ಲ, ಪಕ್ಕದ ಕುರ್ಚಿಯವನು. ಗುಂಡು ತಗುಲಿದೊಡನೆ ಎದ್ದುನಿಂತು ಬಯ್ಯುವವನು. ಇಂದಿನ ಹುಡುಗನು ಕಿವಿಗೆ ಯಂತ್ರ ತೊಟ್ಟು ಒಂಟಿಯಾಗಿ ಕೋಣೆಯಲ್ಲಿ ಕುಳಿತು ಯಾವ ಊರಿನವರೆಂದು ತಿಳಿಯದವರೊಡನೆ ಆಡುವುದಕ್ಕೂ ಅದಕ್ಕೂ ಬಹಳ ಅಂತರವುಂಟು. ಆ ಸೆಂಟರುಗಳ ಹೊಗೆ ಧೂಳು ಗಲಾಟೆಗಳನ್ನು ನಾವು ಹೊಗಳುವವರಲ್ಲ. ಆದರೂ ಅಲ್ಲಿ ಹತ್ತು ಮುಖಗಳಾದರೂ ಇದ್ದುವು.

ಬಂದೂಕಿನ ಆಟವನ್ನಾಡಿದ ಹುಡುಗನು ಬಂದೂಕನ್ನೇ ಹಿಡಿಯುವನೆಂಬ ಭಯವು ಹಿರಿಯರಲ್ಲಿ ಎಲ್ಲ ದೇಶಗಳಲ್ಲಿಯೂ ಇದೆ. ೨೦೦೨ನೆಯ ಏಪ್ರಿಲ್ ೨೬ರಂದು ಜರ್ಮನಿಯ ಎರ್ಫುರ್ಟ್ ಎಂಬ ಊರಿನ ಶಾಲೆಯಲ್ಲಿ ತರುಣನೊಬ್ಬನು ನಡೆಸಿದ ಘೋರ ಹತ್ಯೆಯ ಬಳಿಕ ಅಲ್ಲಿನ ಪತ್ರಿಕೆಗಳು ಈ ಆಟವನ್ನೇ ದೂರಿದುವು. ಮಕ್ಕಳ ಕೈಗೆ ಸೇರಬಾರದ ವಸ್ತುಗಳನ್ನು ಗೊತ್ತುಮಾಡುವ ಅಲ್ಲಿಯ ಸರಕಾರಿ ಮಂಡಲಿಯು ಮುಂದಿನ ತಿಂಗಳಲ್ಲೇ ಆಟವನ್ನು ಪರಿಶೀಲಿಸಿ, ಅದನ್ನು ನಿಷಿದ್ಧ ಪಟ್ಟಿಗೆ ಸೇರಿಸಲು ಒಪ್ಪಲಿಲ್ಲ. ಬಂದೂಕಿಗಿಂತ ಹೊಂದಿ ಯೋಚಿಸಿ ಆಡುವುದೇ ಅದರಲ್ಲಿ ಮುಖ್ಯವೆಂಬುದು ಅವರ ಗಮನಕ್ಕೆ ಬಂದಿತು. ಬ್ರೆಜಿಲ್ ದೇಶದಲ್ಲಿ ನ್ಯಾಯಾಲಯದ ಆಜ್ಞೆಯಿಂದ ೨೦೦೮ರಲ್ಲಿ ಆಟದ ಮಾರಾಟ ನಿಂತಿತು. ೨೦೦೯ರಲ್ಲಿ ಆ ತಡೆ ತೆಗೆಯಲ್ಪಟ್ಟಿತು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವು ೨೦೨೦ರಲ್ಲಿ ತನ್ನ ನಿರ್ಣಯವನ್ನು ಪುನಃ ಪ್ರಕಟಿಸಿ, ಇಂತಹ ಆಟಗಳಿಗೂ ಕೂಗಾಟ ತಳ್ಳಾಟಗಳಂತಹ ಒರಟುತನಕ್ಕೂ ಅಲ್ಪ ಸಂಬಂಧವು ಕಂಡರೂ, ಘೋರ ಕೃತ್ಯಗಳಿಗೆ ಇವೇ ಕಾರಣವೆಂದು ಹೇಳುವುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ತಿಳಿಸಿತು. ಕೂಗಾಟದ ವಿಷಯದಲ್ಲಿ ಅನೇಕ ತಾಯಂದಿರು ಸಂಘದ ನಿರ್ಣಯವನ್ನು ಕಾಯದೆಯೇ ಸಾಕ್ಷಿ ನುಡಿದಾರು. ಹಾಗೆಂದು ಎಳೆಯ ಮಕ್ಕಳ ಕೈಗೆ ಇದನ್ನು ಕೊಡಬಹುದೆಂದು ನಾವು ಹೇಳುವುದಿಲ್ಲ. ಅಮೆರಿಕದಲ್ಲಿ ೨೦೧೨ರ ಆವೃತ್ತಿಯ ಮೇಲೆ ಹದಿನೇಳು ವರ್ಷ ತುಂಬಿದವರಿಗೆಂದೇ ಗುರುತು ಹಾಕಿದ್ದರು.

ನಾವು ಮೊದಲು ಹೇಳಿದ, ಹೆದರಬೇಕಾದ ಇನ್ನೊಂದು ಸ್ಥಳಕ್ಕೆ ಈಗ ಬರೋಣ. ೨೦೧೨ರ ಆಗಸ್ಟ್ ೨೧ರಂದು ‘ಗ್ಲೋಬಲ್ ಅಫೆನ್ಸಿವ್’ ಎಂಬ ಹೊಸ ಆವೃತ್ತಿ ಬಂದಿತು. ಹಳೆಯ ಎರಡು ಪಂಗಡಗಳೂ ಮೊದಲು ಅದನ್ನು ಅಷ್ಟಾಗಿ ಆದರಿಸಲಿಲ್ಲ. ಮರುವರ್ಷ ಆಗಸ್ಟಿನಲ್ಲಿ ಕಂಪನಿಯು ಒಂದು ಉಪಾಯವನ್ನು ಹೂಡಿತು. ಬಂದೂಕಿನ ಮೇಲೆ ಬಣ್ಣ ಬಣ್ಣದ ಚಿತ್ರಗಳನ್ನು ಹಾಕಿಕೊಳ್ಳುವ ಏರ್ಪಾಡದು. ‘ಸ್ಕಿನ್’ ಎಂದು ಹೆಸರು. ಬಣ್ಣ ಹಾಕಿದ ಮಾತ್ರಕ್ಕೆ ಗುಂಡು ಹೆಚ್ಚು ವೇಗವಾಗಿ ಹೋಗದು, ಗುರಿಯೂ ನೇರವಾಗದು. ಬರಿಯ ಅಲಂಕಾರ. ಆಡುತ್ತ ಆಡುತ್ತ ಹುಡುಗನಿಗೆ ಒಂದು ಪೆಟ್ಟಿಗೆ ಬಿಟ್ಟಿಯಾಗಿ ದೊರೆಯುವುದು, ಅದಕ್ಕೆ ಬೀಗ. ಬೀಗದ ಕೈಯನ್ನು ಕಂಪನಿಯಿಂದ ಕೊಳ್ಳಬೇಕು. ಬೆಲೆ ೨ ಡಾಲರ್ ೪೯ ಸೆಂಟು, ಈ ಸಲ ನಿಜವಾದ ಡಾಲರು. ಕೈ ತಿರುವಿದೊಡನೆ ಬಣ್ಣದ ಬಂದೂಕುಗಳ ಸಾಲು ಪರದೆಯ ಮೇಲೆ ಸರಸರನೆ ಓಡಿ, ನಿಧಾನವಾಗಿ, ನಿಂತೂ ನಿಲ್ಲದಂತೆ ಒಂದರ ಮುಂದೆ ನಿಲ್ಲುವುದು. ಜಾತ್ರೆಯಲ್ಲಿ ತಿರುಗುವ ಚಕ್ರಕ್ಕೆ ಕಾಸು ಕಟ್ಟಿದವರಿಗೆ ಈ ನಿಲ್ಲುವ ಬಗೆ ಚೆನ್ನಾಗಿ ಗೊತ್ತು. ಬಹಳ ಬೆಲೆಯ ವಸ್ತುವು ಒಂದು ಮನೆ ಮುಂದೆ ಹೋಗಿಬಿಟ್ಟಂತೆ ಕಾಣುವುದು. ಇನ್ನೊಂದು ಪೆಟ್ಟಿಗೆ ತೆರೆದರೆ ಸಿಕ್ಕೀತೆಂಬ ಆಸೆ ಹುಟ್ಟುವುದು.

ಸಿಕ್ಕುವ ಸಂಭವ ಎಷ್ಟು? ಚೀನಾ ದೇಶದ ಕಾನೂನಿನ ಬಲವಂತದಿಂದ ೨೦೧೭ರಲ್ಲಿ ಅಲ್ಲಿಯ ಪ್ರಕಾಶಕರು ಅಂಕಿಗಳನ್ನು ಹೊರಗೆಡಹಿದರು. ಎಲ್ಲಕ್ಕೂ ಬೆಲೆಯುಳ್ಳ ಚೂರಿಯಂತಹ ವಸ್ತುಗಳು ದೊರೆಯುವುದು ನೂರಕ್ಕೆ ೦.೨೬, ಕೆಳದರ್ಜೆಯವು ನೂರಕ್ಕೆ ಸುಮಾರು ೮೦. ಲೆಕ್ಕ ಬಲ್ಲ ವಾಚಕರು ಇದನ್ನು ಬಿಡಿಸಿ ನೋಡಬಹುದು. ಚೂರಿಯೊಂದಕ್ಕೆ ಸರಾಸರಿ ೩೮೫ ಪೆಟ್ಟಿಗೆಗಳನ್ನು ತೆರೆಯಬೇಕು. ಬೀಗದ ಕೈಗೇ ೯೫೦ ಡಾಲರಿಗೆ ಮಿಕ್ಕಿ ಹಣ ಬೇಕು. ಅಷ್ಟನ್ನು ತೆರೆದವರಲ್ಲಿಯೂ ಮೂವರಲ್ಲಿ ಒಬ್ಬನಿಗಿಂತ ಹೆಚ್ಚು ಮಂದಿ ಚೂರಿಯನ್ನು ಕಾಣದೆಯೇ ಏಳುವರು. ಏಕೆಂದರೆ ಪ್ರತಿಯೊಂದು ಪೆಟ್ಟಿಗೆಯೂ ಹಿಂದಿನದನ್ನು ನೆನಪಿಟ್ಟುಕೊಳ್ಳದು.

ಇಷ್ಟಕ್ಕೇ ಮುಗಿದಿದ್ದರೆ ಮಕ್ಕಳ ಪುಡಿಕಾಸಿನ ದುಂದುವೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಸಿಕ್ಕಿದ ಬಣ್ಣದ ಬಂದೂಕನ್ನು ಕಂಪನಿಯ ಸಂತೆಯಲ್ಲಿ ಮಾರಬಹುದು. ಮಾರಾಟವೊಂದಕ್ಕೆ ನೂರಕ್ಕೆ ಹದಿನೈದರಂತೆ ದಲ್ಲಾಳಿ ಕಂಪನಿಗೆ ಸೇರುವುದು. ಅಲ್ಲಿ ಬಂದ ಹಣವನ್ನು ನಗದಾಗಿ ತೆಗೆಯಲಾಗದು. ಆದುದರಿಂದ ಹೊರಗೆ ಬೇರೆ ಸಂತೆಗಳು ಹುಟ್ಟಿದುವು. ಅವುಗಳ ಪಕ್ಕದಲ್ಲಿಯೇ ಸ್ಕಿನ್ನುಗಳನ್ನು ಪಣವಾಗಿಟ್ಟು ಜೂಜಾಡುವ ಮನೆಗಳು ಹುಟ್ಟಿದುವು. ಜೂಜಿನ ಮನೆಗೆ ಬಂದವನ ವಯಸ್ಸನ್ನು ಕೇಳುವವರಿರಲಿಲ್ಲ. ಏಕೆಂದರೆ ಪಣವು ಹಣವಲ್ಲ, ಚಿತ್ರ. ೨೦೧೬ರಲ್ಲಿ ಈ ವ್ಯವಹಾರವು ಬಯಲಿಗೆ ಬಂದಿತು. ಇಂಟರ್ನೆಟ್ಟಿನಲ್ಲಿ ಲಕ್ಷಗಟ್ಟಲೆ ಹುಡುಗರು ನೋಡುತ್ತಿದ್ದ ಇಬ್ಬರು ಪ್ರಸಿದ್ಧರು, ತಾವು ಗೆಲ್ಲುತ್ತಿರುವುದನ್ನು ತೋರಿಸಿ ಹುಡುಗರನ್ನು ಎಳೆಯುತ್ತಿದ್ದ ಜೂಜುಮನೆಗೆ ತಾವೇ ಒಡೆಯರೆಂಬುದು ಹೊರಬಿದ್ದಿತು. ಆ ವರ್ಷದ ಜುಲೈಯಲ್ಲಿ ವಾಲ್ವ್ ಕಂಪನಿಯು ಇಂತಹ ಅನೇಕ ಮನೆಗಳಿಗೆ ನೋಟೀಸು ಕೊಟ್ಟಿತು. ಅಕ್ಟೋಬರಿನಲ್ಲಿ ವಾಷಿಂಗ್ಟನ್ ರಾಜ್ಯದ ಜೂಜು ನಿಯಂತ್ರಣ ಮಂಡಲಿಯು ಕಂಪನಿಗೇ ಆಜ್ಞೆ ಮಾಡಿತು. ೨೦೧೮ರಲ್ಲಿ ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ ದೇಶಗಳಲ್ಲಿ ಪೆಟ್ಟಿಗೆ ತೆರೆಯುವುದನ್ನೇ ನಿಲ್ಲಿಸಬೇಕಾಯಿತು. ಬೇರೆ ಕಡೆಗಳಲ್ಲಿ ಅದು ನಿಲ್ಲಲಿಲ್ಲ.

ಸ್ಕಿನ್ನನ್ನು ಆಸ್ತಿಯೆಂದು ತಿಳಿದು ಕೂಡಿಟ್ಟವರೂ ಬೇಕಾದಷ್ಟು ಮಂದಿ. ಒಂದೊಂದು ಚೂರಿಗೆ ಬಂಗಾರದ ಒಡವೆಗಿಂತ ಹೆಚ್ಚಿನ ಬೆಲೆ ಕೊಟ್ಟವರುಂಟು. ೨೦೨೫ರ ಅಕ್ಟೋಬರಿನಲ್ಲಿ ಕಂಪನಿಯು ಒಂದು ಸಣ್ಣ ನಿಯಮವನ್ನು ಬದಲಿಸಿತು: ಎರಡನೆಯ ದರ್ಜೆಯ ಕೆಂಪು ವಸ್ತುಗಳು ಐದನ್ನು ಕೊಟ್ಟರೆ ಚೂರಿಯನ್ನೋ ಕೈಗವುಸನ್ನೋ ಪಡೆಯಬಹುದೆಂದು. ಒಂದೇ ರಾತ್ರಿಯಲ್ಲಿ ಚೂರಿಗಳ ಬೆಲೆ ಧೊಪ್ಪನೆ ಇಳಿಯಿತು. ಒಡವೆಯಾದರೆ ಕಂಪನಿಯ ಅಪ್ಪಣೆಯಿಲ್ಲದೆಯೂ ಒಡವೆಯಾಗಿಯೇ ಉಳಿಯುತ್ತಿದ್ದಿತು.

ಪಂದ್ಯಗಳ ವಿಷಯವನ್ನು ಕುರಿತು ಎರಡು ಮಾತು. ೨೦೧೩ರಿಂದ ‘ಮೇಜರ್’ ಎಂಬ ದೊಡ್ಡ ಪಂದ್ಯಗಳು ನಡೆಯುತ್ತಿವೆ. ಮೊದಲನೆಯದರ ಬಹುಮಾನ ೨,೫೦,೦೦೦ ಡಾಲರು. ೨೦೨೧ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದುದರ ಬಹುಮಾನ ೨೦ ಲಕ್ಷ ಡಾಲರು. ಅದನ್ನು ಉಕ್ರೇನಿನ ನಾಟುಸ್ ವಿನ್ಸೆರೆ ಎಂಬ ತಂಡವು ಒಂದು ಮ್ಯಾಪನ್ನೂ ಸೋಲದೆ ಗೆದ್ದಿತು. ಹಣವಿದ್ದಲ್ಲಿ ಮೋಸವೂ ಉಂಟು. ೨೦೧೪ರಲ್ಲಿ ಅಮೆರಿಕದ ತಂಡವೊಂದು ಬೇಕೆಂದೇ ಸೋತದ್ದು ಬಯಲಾಗಿ, ೨೦೧೫ರ ಜನವರಿಯಲ್ಲಿ ಏಳು ಮಂದಿಯನ್ನು ಕಂಪನಿಯ ಪಂದ್ಯಗಳಿಂದ ಹೊರಗಿಟ್ಟರು. ಅವರು ಲಾಭಕ್ಕಿಟ್ಟುಕೊಂಡದ್ದೂ ಈ ಸ್ಕಿನ್ನುಗಳನ್ನೇ.

ನಮ್ಮ ದೇಶಕ್ಕೆ ಸಂಬಂಧಿಸಿದ ಒಂದು ಸಂಗತಿಯನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ೨೦೧೮ರಲ್ಲಿ ಆಪ್ಟಿಕ್ ಎಂಬ ಅಮೆರಿಕದ ಪ್ರಸಿದ್ಧ ಸಂಸ್ಥೆಯು ಭಾರತೀಯ ತರುಣರ ತಂಡವೊಂದನ್ನು ಕಟ್ಟಿತು. ಭಾರತದ ಆಟಗಾರರಿಗೆ ಅಂತಹ ಆಸರೆ ಸಿಕ್ಕಿದ್ದು ಅಪೂರ್ವವಾಗಿದ್ದಿತು. ಅಕ್ಟೋಬರಿನಲ್ಲಿ ತಂಡವು ಶಾಂಘೈ ನಗರದ ಏಷ್ಯಾ ಪಂದ್ಯಕ್ಕೆ ಹೋಯಿತು. ಪಂದ್ಯ ನಡೆಯುತ್ತಿದ್ದಂತೆಯೇ ಅಧಿಕಾರಿಯೊಬ್ಬರು ಬಂದು ಆಟಗಾರನೊಬ್ಬನ ಯಂತ್ರವನ್ನು ನೋಡಬೇಕೆಂದರು. ಗುರಿಯನ್ನು ತಾನೇ ಸರಿಪಡಿಸುವ ಕಳ್ಳ ತಂತ್ರಾಂಶವು ಅದರಲ್ಲಿದ್ದಿತು. ಪತ್ರ ಬರೆಯುವ ತಂತ್ರಾಂಶವೆಂದು ಭ್ರಮೆ ಹುಟ್ಟುವಂತೆ ಅದಕ್ಕೆ ‘ವರ್ಡ್’ ಎಂಬ ಹೆಸರನ್ನಿಟ್ಟಿದ್ದನು. ಅಳಿಸಿಹಾಕಲು ಕೈಚಾಚಿದ್ದೂ ಎಲ್ಲರ ಕಣ್ಣಿಗೆ ಬಿದ್ದಿತು. ಆತನಿಗೆ ಐದು ವರ್ಷದ ಬಹಿಷ್ಕಾರವಾಯಿತು, ತಂಡವನ್ನೇ ವಿಸರ್ಜಿಸಿದರು. ಏನೂ ಅರಿಯದ ಉಳಿದ ಹುಡುಗರೂ ಬರಿಗೈಯಲ್ಲಿ ಊರಿಗೆ ಮರಳಿದರು. ಐವರ ಆಟವೆಂಬುದರ ಅರ್ಥವು ಅಂದು ಅವರಿಗೆ ತಿಳಿದಷ್ಟು ಇನ್ನಾರಿಗೂ ತಿಳಿದಿರಲಾರದು.

೨೦೧೮ರ ಡಿಸೆಂಬರಿನಿಂದ ಆಟಕ್ಕೆ ಬೆಲೆಯಿಲ್ಲ. ಯಾರು ಬೇಕಾದರೂ ಆಡಬಹುದು. ಅಂದಿನಿಂದ ಕಂಪನಿಯ ಗಳಿಕೆಗೆ ಪೆಟ್ಟಿಗೆ ಬೀಗಗಳಂತಹ ಮಾರಾಟವೇ ಆಧಾರವಾಯಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ೨೦೨೩ರ ಸೆಪ್ಟೆಂಬರ್ ೨೭ರಂದು ಕೌಂಟರ್ ಸ್ಟ್ರೈಕ್ ಎರಡು ಎಂಬುದು ಬಂದು ಹಿಂದಿನದರ ಸ್ಥಳದಲ್ಲಿಯೇ ಕುಳಿತಿತು. ಮೊದಲು ೧೬ ರೌಂಡ್ ಗೆಲ್ಲಬೇಕಾಗಿದ್ದುದು ಈಗ ೧೩ಕ್ಕೆ ಇಳಿದಿದೆ. ಹೊಸದರಲ್ಲಿ ನಮಗೆ ಮೆಚ್ಚಿಕೆಯಾದದ್ದು ಹೊಗೆ. ಮೊದಲಿನ ಹೊಗೆಬಾಂಬು ಬಿಳಿಯ ಪರದೆಯಂತೆ ಇದ್ದಲ್ಲಿಯೇ ನಿಲ್ಲುತ್ತಿದ್ದಿತು. ಈಗಿನದು ಬಾಗಿಲಿನ ಸಂದಿಯಲ್ಲಿ ನುಗ್ಗುವುದು, ಕೋಣೆಯನ್ನು ತುಂಬುವುದು, ಗುಂಡು ಹಾಯ್ದಲ್ಲಿ ತೂತು ಬಿದ್ದು ಮತ್ತೆ ಮುಚ್ಚಿಕೊಳ್ಳುವುದು. ೨೦೨೫ರಲ್ಲಿ ಒಂದೇ ವೇಳೆಗೆ ೧೮ ಲಕ್ಷಕ್ಕೆ ಮಿಕ್ಕಿದ ಜನ ಇದನ್ನು ಆಡುತ್ತಿದ್ದುದು ಲೆಕ್ಕಕ್ಕೆ ಸಿಕ್ಕಿದೆ.

ನಮ್ಮ ಸರಕಾರಗಳೂ ಈ ಜೂಜಿನ ವಿಷಯದಲ್ಲಿ ಸುಮ್ಮನಿಲ್ಲ. ಕರ್ನಾಟಕವು ೨೦೨೧ರಲ್ಲಿ ಪೋಲೀಸ್ ಕಾಯಿದೆಯನ್ನು ತಿದ್ದಿ ಇಂಟರ್ನೆಟ್ಟಿನ ಪಣದಾಟಗಳನ್ನು ನಿಷೇಧಿಸಿತು. ೨೦೨೨ರ ಫೆಬ್ರವರಿಯಲ್ಲಿ ಉಚ್ಚನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ತಳ್ಳಿಹಾಕಿತು. ೨೦೨೫ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಮಾಡಿದ ಕಾಯಿದೆಯು ಹಣವಿಟ್ಟು ಆಡುವ ಆಟಗಳನ್ನು ದೇಶದಲ್ಲೆಲ್ಲ ನಿಷೇಧಿಸಿ, ಪಂದ್ಯದ ಆಟಗಳನ್ನು ಕ್ರೀಡೆಯೆಂದು ಬೇರೆ ಮಾಡಿ ಮನ್ನಿಸಿದೆ. ಪೆಟ್ಟಿಗೆ ಬೀಗಗಳನ್ನು ಹೆಸರಿಸಿ ಅದರಲ್ಲಿ ಏನೂ ಹೇಳಿಲ್ಲ. ಆದುದರಿಂದ ಈ ಕಾವಲು ಸದ್ಯಕ್ಕೆ ಮನೆಯವರ ಪಾಲಿಗೇ ಬಿದ್ದಿದೆ.

ಅದಕ್ಕೆ ಬೇಕಾದ ಸಲಕರಣೆಯು ಸ್ಟೀಮ್ ಮಳಿಗೆಯಲ್ಲಿಯೇ ಉಂಟು. ೨೦೨೪ರಿಂದ ಅಲ್ಲಿ ಕುಟುಂಬದ ಏರ್ಪಾಡೊಂದನ್ನು ಮಾಡಿರುವರು. ತಂದೆಯೋ ತಾಯಿಯೋ ತಮ್ಮದೊಂದು ಖಾತೆಯನ್ನು ತೆರೆದು ಮಗನ ಖಾತೆಯನ್ನು ಮಗುವಿನ ಖಾತೆಯೆಂದು ಅದರೊಳಕ್ಕೆ ಸೇರಿಸಿದರೆ, ದಿನಕ್ಕೆ ಎಷ್ಟು ಹೊತ್ತು, ಯಾವ ವೇಳೆಯಲ್ಲಿ ಆಡಬಹುದೆಂದು ಗೊತ್ತುಮಾಡಬಹುದು. ಅಂಗಡಿಯ ಬಾಗಿಲನ್ನು ಅವನಿಗೆ ಮುಚ್ಚಿಡಬಹುದು. ಅವನು ಆಟವೊಂದನ್ನು ಕೊಳ್ಳಬಯಸಿದರೆ ಕೋರಿಕೆಯು ಮೊದಲು ಹಿರಿಯರ ಬಳಿಗೆ ಬರುವುದು. ಇದಲ್ಲದೆ ಪ್ರತಿಯೊಂದು ಖಾತೆಯಲ್ಲಿಯೂ ಆ ತನಕ ಕೊಂಡ ವಸ್ತುಗಳ ಪಟ್ಟಿಯು ತಾರೀಖು ಮೊಬಲಗು ಸಹಿತ ಇರುವುದು. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಪಟ್ಟಿಯಲ್ಲಿ ಬೀಗದ ಕೈಗಳು ಎಷ್ಟಿವೆಯೆಂದು ಎಣಿಸುವುದಕ್ಕೆ ಐದು ನಿಮಿಷ ಸಾಕು.